ಐನ್‌ಮನೆಗೆ ಫೋಟೊ ಇದೆ, ಕೊಟ್ಟಿಗೆಗೆ ಇಲ್ಲ: ಇಲ್ಲವಾದ ಕಟ್ಟಡಗಳನ್ನು ದಾಖಲಿಸುವುದು ಹೇಗೆ?

ಕೊಡಗಿನಲ್ಲಿ ಐನ್‌ಮನೆಯನ್ನು (ಒಕ್ಕದ, ಅಂದರೆ ಒಂದೇ ಮೂಲದ ಕುಟುಂಬಗಳ, ಹಿರಿಮನೆ) ಯಾರೂ ಸುಲಭಕ್ಕೆ ಮರೆಯುವುದಿಲ್ಲ. ಹೆಂಚು ಸೋರುತ್ತಿದ್ದರೂ ಪುತ್ತರಿಗೆ, ಅಂದರೆ ಹೊಸ ಭತ್ತದ ತೆನೆ ಮನೆಗೆ ತರುವ ಹಬ್ಬಕ್ಕೆ, ಒಕ್ಕದವರೆಲ್ಲ ಅಲ್ಲೇ ಸೇರುತ್ತಾರೆ. ಮೆಟ್ಟಿಲ ಮೇಲೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕೈಯಾಲೆ (ಜಗಲಿ), ಐಮರ (ಕಂಬಗಳ ನಡುವೆ ಕೂರುವ ಹಲಗೆ), ನೆಲ್ಲಕ್ಕಿಯ (ನಡುಮನೆಯ) ತೂಗುದೀಪ ಎಲ್ಲದಕ್ಕೂ ಫೋಟೊ ಇರುತ್ತದೆ. ಅದೇ ಮನೆಯ ಹಿಂದಿದ್ದ ಕೊಟ್ಟಿಗೆಯ ಫೋಟೊ ಕೇಳಿ ನೋಡಿ. ಯಾರ ಹತ್ತಿರವೂ ಇರುವುದಿಲ್ಲ. ಪತ್ತಾಯದ (ಭತ್ತ ತುಂಬಿಡುವ ಮರದ ಪೆಟ್ಟಿಗೆಯ) ಕೋಣೆ, ಸೌದೆ ಮನೆ, ಹಂದಿ ಗೂಡು, ಹಂಡೆ ಒಲೆಯ ಬಚ್ಚಲು, ಏಲಕ್ಕಿ ಒಣಗಿಸುತ್ತಿದ್ದ ಕೋಣೆ, ತೋಟದ ಕೆಲಸಗಾರರ ಲೈನ್ ಮನೆ, ಇವುಗಳ ಕಥೆಯೂ ಅಷ್ಟೇ.

ಮನೆಯವರ ದಿನದ ಹೆಚ್ಚಿನ ಹೊತ್ತು ಕಳೆದದ್ದು ಮಾತ್ರ ಇಲ್ಲೇ. ಇವು ಬಿದ್ದಾಗ ಯಾರೂ ಅಳಲಿಲ್ಲ. ಹಸು ಮಾರಿದ ಮೇಲೆ ಕೊಟ್ಟಿಗೆಯಲ್ಲಿ ಗೊಬ್ಬರದ ಚೀಲ ಇಟ್ಟರು. ಆಮೇಲೆ ಜೀಪು ನಿಲ್ಲಿಸಿದರು. ಒಂದು ಮಳೆಗಾಲದಲ್ಲಿ ಗೋಡೆ ಕುಸಿಯಿತು, ಮುಂದಿನ ಬೇಸಿಗೆಯಲ್ಲಿ ಹೆಂಚು ಇಳಿಸಿದರು, ಅಷ್ಟೇ. ಇನ್ನು 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆಯ ಗುಡ್ಡಗಳು ಜಾರಿದಾಗ ಕೆಲವರಿಗೆ ಕಟ್ಟಡವಿದ್ದ ನೆಲವೇ ಉಳಿಯಲಿಲ್ಲ.

ಇಂಥ ಕಟ್ಟಡಗಳನ್ನು ನೆನಪಿನಿಂದ, ಕಾಗದದಿಂದ, ನೆಲದ ಗುರುತಿನಿಂದ ಮತ್ತೆ ಕಟ್ಟಿ ದಾಖಲಿಸಿಡುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಇಂಜಿನಿಯರ್ ಬೇಡ. ಒಂದು ಫೋನ್, ನೂರಡಿಯ ಟೇಪು, ಗ್ರಾಫ್ ಹಾಳೆ, ಪೆನ್ಸಿಲ್, ಕೈವಾರ ಮತ್ತು ಕೂತು ಕೇಳುವ ತಾಳ್ಮೆ ಇದ್ದರೆ ಸಾಕು.

ಹಂತ 1: ಏನೇನಿತ್ತು ಅಂತ ಪಟ್ಟಿ ಮಾಡಿ

ಸುಮ್ನೆ ಕೂತು ನೆನಪಿಸಿಕೊಂಡರೆ ನಾಲ್ಕು ಹೆಸರು ಬರುತ್ತವೆ, ಆಮೇಲೆ ನಿಲ್ಲುತ್ತದೆ. ಅದಕ್ಕೆ ಎರಡು ಉಪಾಯ ಇವೆ.

ಮೊದಲನೆಯದು ಪುತ್ತರಿ. ಆ ರಾತ್ರಿ ನೆರೆ (ಎಲೆಗಳ ಕಟ್ಟು) ಕಟ್ಟುತ್ತೇವೆ, ಕದಿರು (ಹೊಸ ಭತ್ತದ ತೆನೆ) ತಂದ ಮೇಲೆ ಅದನ್ನು ಕಂಬಕ್ಕೆ, ಬಾಗಿಲಿಗೆ, ಪತ್ತಾಯಕ್ಕೆ ಹೀಗೆ ಅಲ್ಲಲ್ಲಿ ಕಟ್ಟುತ್ತೇವೆ. ಹಿರಿಯರನ್ನು ಕೇಳಿ: "ನೀವು ಚಿಕ್ಕವರಿದ್ದಾಗ ಕದಿರನ್ನು ಎಲ್ಲೆಲ್ಲಿ ಕಟ್ತಿದ್ರಿ? ಮೊದಲು ಎಲ್ಲಿ? ಅಲ್ಲಿಂದ ಯಾವ ಕಡೆಗೆ ಹೋಗ್ತಿದ್ರಿ?" ವರ್ಷ ವರ್ಷ ಅದೇ ದಾರಿಯಲ್ಲಿ ನಡೆದವರು ಅವರು. ಆ ದಾರಿ ಕಾಲಿಗೆ ನೆನಪಿರುತ್ತದೆ. ಕೊಟ್ಟಿಗೆಗೆ ಒಂದು, ಬಾವಿಗೆ ಒಂದು, ನೇಗಿಲು ಇಡುವ ಚಾವಡಿಗೆ ಒಂದು ಅಂತ ಅವರು ಹೇಳುತ್ತಾ ಹೋದಂತೆ ನಿಮ್ಮ ಪಟ್ಟಿ ತಾನಾಗಿ ತಯಾರಾಗುತ್ತದೆ. ಕೈಲ್ ಪೊಳ್ದ್ ಬಗ್ಗೆಯೂ ಹೀಗೇ ಕೇಳಬಹುದು. ನಾಟಿ ಮುಗಿದ ಮೇಲೆ ಬರುವ ಹಬ್ಬ ಅದು. ನೇಗಿಲು, ನೊಗ ತೊಳೆದು ಎಲ್ಲಿ ಇಡುತ್ತಿದ್ದರು, ಕೋವಿ ಎಲ್ಲಿಂದ ಹೊರಗೆ ಬರುತ್ತಿತ್ತು ಅಂತ ಕೇಳಿ.

ಎರಡನೆಯದು, ವಸ್ತು ಹೋದ ದಾರಿ ಹಿಡಿಯುವುದು. ಹಳೆಯ ಕೊಡಗಿನ ಬೇಸಾಯ ಒಂದು ಸುತ್ತು. ಗದ್ದೆಯ ಜೊತೆಗೆ ಬಾಣೆ ಅನ್ನುವ ಕಾಡು ಜಮೀನು ಇತ್ತು. ಮೇವು, ಸೌದೆ, ಸೊಪ್ಪಿಗೆ ಅಂತಲೇ ಆ ಬಾಣೆ. ಬಾಣೆಯ ಸೊಪ್ಪು, ತರಗು ಕೊಟ್ಟಿಗೆಗೆ ಬರುತ್ತಿತ್ತು. ಅಲ್ಲಿ ಹಸುಗಳ ಕಾಲಡಿ ಗೊಬ್ಬರವಾಗಿ ಗುಂಡಿ ಸೇರಿ ಅಲ್ಲಿಂದ ಗದ್ದೆಗೆ ಹೋಗುತ್ತಿತ್ತು. ಗದ್ದೆಯ ಭತ್ತ ಕಣಕ್ಕೆ, ಕಣದಿಂದ ಪತ್ತಾಯಕ್ಕೆ. ಹುಲ್ಲು ಬಣವೆಗೆ, ಬಣವೆಯಿಂದ ಮತ್ತೆ ಕೊಟ್ಟಿಗೆಗೆ. ಈ ಸುತ್ತಿನಲ್ಲಿ ವಸ್ತು ಎಲ್ಲೆಲ್ಲಿ ನಿಂತಿತ್ತೋ ಅಲ್ಲೆಲ್ಲ ಒಂದು ಕಟ್ಟಡವೋ, ಚಪ್ಪರವೋ, ಗುಂಡಿಯೋ ಇದ್ದೇ ಇರುತ್ತದೆ. ಕಾಫಿಗೂ ಹೀಗೆ ಕೇಳಿ. ಹಣ್ಣು ಗಿಡದಿಂದ ಬಂದು ಎಲ್ಲಿ ಅಳತೆಯಾಗುತ್ತಿತ್ತು? ಪಲ್ಪರ್ (ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಇತ್ತಾ, ಅದಕ್ಕೆ ನೀರು ಎಲ್ಲಿಂದ? ಒಣಗಿದ ಮೇಲೆ ಚೀಲ ಯಾವ ಕೋಣೆಗೆ? ಏಲಕ್ಕಿ ಬೆಳೆದ ಮನೆಗಳಲ್ಲಿ ಒಣಗಿಸುವ ಬೆಂಕಿ ಎಲ್ಲಿ ಉರಿಯುತ್ತಿತ್ತು ಅಂತ ಕೇಳುವುದನ್ನು ಮರೆಯಬೇಡಿ. ಏಲಕ್ಕಿಗೆ ಕಟ್ಟೆ ರೋಗ ಬಂದ ಮೇಲೆ ಎಷ್ಟೋ ಕಡೆ ಮೊದಲು ಮುಚ್ಚಿದ್ದು ಆ ಕೋಣೆಯೇ.

ಹಂತ 2: ಹಿರಿಯರ ಮಾತು ದಾಖಲಿಸಿ

ಇದನ್ನು ನಾಳೆಗೆ ಇಡಬೇಡಿ. ಕಾಗದ, ಉಪಗ್ರಹದ ಚಿತ್ರ, ಅಡಿಪಾಯದ ಕಲ್ಲು ಇನ್ನೂ ಹತ್ತು ವರ್ಷ ಕಾಯುತ್ತವೆ. ಎಂಬತ್ತು ದಾಟಿದ ದೊಡ್ಡಮ್ಮ ಕಾಯುವುದಿಲ್ಲ.

ನನ್ನ ಮಟ್ಟಿಗೆ ಇಡೀ ಕೆಲಸದ ಗುಟ್ಟು ಇಲ್ಲಿದೆ: ಕಟ್ಟಡದ ಬಗ್ಗೆ ಕೇಳಬೇಡಿ, ಅಲ್ಲಿ ಮಾಡಿದ ಕೆಲಸದ ಬಗ್ಗೆ ಕೇಳಿ. ನಮ್ಮ ಅಜ್ಜಿಯನ್ನು "ಕೊಟ್ಟಿಗೆ ಹೇಗಿತ್ತಜ್ಜಿ?" ಅಂತ ಕೇಳಿದರೆ "ಹೇಗಿರ್ತದೆ, ಎಲ್ಲರ ಕೊಟ್ಟಿಗೆ ಇದ್ದ ಹಾಗೆ" ಅಂದುಬಿಟ್ಟರು. "ಬೆಳಗ್ಗೆ ಹಾಲು ಕರೆಯೋಕೆ ಹೋಗುವಾಗ ದೀಪ ಎಲ್ಲಿ ಇಡ್ತಿದ್ರಿ?" ಅಂತ ಕೇಳಿದೆ. ಕೂಡಲೇ ಎಡಗೈ ಮೇಲೆ ಹೋಯಿತು. "ಇಲ್ಲಿ, ಬಾಗಿಲು ದಾಟಿದ ಕೂಡಲೇ ಗೋಡೆಯಲ್ಲಿ ಗೂಡು. ಬಗ್ಗಿಯೇ ಹೋಗ್ಬೇಕು, ತೊಲೆ ತಗ್ಗು. ನಿನ್ನ ದೊಡ್ಡಪ್ಪನಿಗೆ ಎಷ್ಟು ಸಲ ತಲೆಗೆ ಬಡಿದಿದೆ!" ಈ ಒಂದು ಉತ್ತರದಲ್ಲಿ ಬಾಗಿಲು ಇದೆ, ಗೋಡೆ ಇದೆ, ಗೂಡಿನ ಎತ್ತರ ಇದೆ, ತೊಲೆ ಎಷ್ಟು ತಗ್ಗಿತ್ತು ಅಂತ ಇದೆ. ದೊಡ್ಡಪ್ಪನ ಎತ್ತರ ಗೊತ್ತಿದ್ದರೆ ತೊಲೆಯ ಎತ್ತರವೂ ಸಿಕ್ಕಿತು.

ಆ ಕೈ ಸನ್ನೆಯ ಸಲುವಾಗಿಯೇ ಬರೀ ಧ್ವನಿ ಸಾಲದು, ವಿಡಿಯೊ ಮಾಡಿ. ಫೋನನ್ನು ಯಾವುದಕ್ಕಾದರೂ ಒರಗಿಸಿ, ಮುಖದ ಜೊತೆ ಕೈಯೂ ಕಾಣುವಂತೆ ಇಡಿ. ಮಳೆ ಹೊಯ್ಯುವ ದಿನ ಬೇಡ, ಹೆಂಚಿನ ಸದ್ದಿಗೆ ಮಾತು ಕೇಳಿಸುವುದಿಲ್ಲ. ಬೆಳಗಿನ ಕಾಫಿ ತಿಂಡಿ ಮುಗಿದ ಹೊತ್ತು ಒಳ್ಳೆಯದು. ಒಂದು ಸಲಕ್ಕೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಸಾಕು. ದಣಿದವರನ್ನು ಕೇಳುತ್ತಾ ಹೋದರೆ ಅವರು ಎಲ್ಲಕ್ಕೂ "ಹೂಂ" ಅನ್ನುತ್ತಾರೆ.

ಅವರು ಕೊಡವ ತಕ್ಕ್‌ನಲ್ಲಿ ಮಾತಾಡಲಿ, ಅರೆಭಾಷೆಯಲ್ಲಿ ಮಾತಾಡಲಿ, ಮಲಯಾಳ ಬೆರೆಸಲಿ, ತಡೆಯಬೇಡಿ. ನಿಮಗೆ ಗೊತ್ತಿಲ್ಲದ ವಸ್ತುವಿನ ಹೆಸರು ಬಂದರೆ ಹಾಗೇ ಬರೆದುಕೊಳ್ಳಿ, ಕನ್ನಡಕ್ಕೆ ತಿರುಗಿಸಿ ಬರೆಯಬೇಡಿ. ನಿಮಗೆ ಗೊತ್ತಿರುವ ಉತ್ತರವನ್ನು ಪ್ರಶ್ನೆಯಲ್ಲೇ ಸೇರಿಸಲೂ ಬೇಡಿ. "ಬಾಗಿಲು ಪೂರ್ವಕ್ಕೆ ಇತ್ತಲ್ವಾ?" ಅಂದರೆ "ಹೌದು" ಅಂತಾರೆ. "ಬೆಳಗ್ಗೆ ಬಿಸಿಲು ಎಲ್ಲಿಂದ ಒಳಗೆ ಬರ್ತಿತ್ತು?" ಅಂತ ಕೇಳಿ.

ನನಗೆ ಜಾಸ್ತಿ ಉಪಯೋಗವಾದ ಕೆಲವು ಪ್ರಶ್ನೆಗಳು:

ಕೊಟ್ಟಿಗೆಗೆ: ಎಷ್ಟು ಹಸು ಕಟ್ಟುತ್ತಿದ್ದಿರಿ, ಒಂದು ಸಾಲೋ ಎರಡೋ? ತಲೆ ಗೋಡೆಯ ಕಡೆಗೋ ನಡುವಿಗೋ? ಉಳುವ ಎತ್ತು ಬೇರೆ ಕಡೆಯಾ? ಕರು ಎಲ್ಲಿ? ಗಂಜಲ ಯಾವ ಕಡೆ ಹರಿದು ಹೋಗುತ್ತಿತ್ತು? ಅಟ್ಟದ ಮೇಲೆ ಏನಿತ್ತು? ಹುಲಿ, ಚಿರತೆಯ ಭಯಕ್ಕೆ ಬಾಗಿಲು ಹೇಗೆ ಭದ್ರ ಮಾಡುತ್ತಿದ್ದಿರಿ?

ಪತ್ತಾಯಕ್ಕೆ: ಎಷ್ಟು ಬಟ್ಟಿ (ಭತ್ತದ ಹಳೆಯ ಅಳತೆ) ಭತ್ತ ಹಿಡಿಯುತ್ತಿತ್ತು? ಯಾವ ಮರ? ಹಲಗೆ ಒಂದರ ಮೇಲೊಂದು ಜಾರಿಸುವುದೋ, ಮೇಲಿನ ಮುಚ್ಚಳ ಎತ್ತುವುದೋ? ಒಳಗೆ ಇಳಿದು ಭತ್ತ ತೋಡುತ್ತಿದ್ದುದು ಯಾರು? ಬೀಗದ ಕೈ ಯಾರ ಸೊಂಟದಲ್ಲಿ? ಆ ಕೊನೆಯ ಪ್ರಶ್ನೆಗೆ ಮನೆಯ ಅರ್ಧ ಇತಿಹಾಸ ಹೊರಗೆ ಬರುತ್ತದೆ. ಅವಸರ ಮಾಡಬೇಡಿ, ಹೇಳಲು ಬಿಡಿ.

ಕಣಕ್ಕೆ: ಸಗಣಿ ಯಾವಾಗ ಸಾರಿಸುತ್ತಿದ್ದರು, ಯಾರು? ಸಿಮೆಂಟು ಹಾಕಿದ್ದು ಯಾವಾಗ? ಅಕಾಲದಲ್ಲಿ ಮಳೆ ಬಂದರೆ ಒಣಗಲು ಹಾಕಿದ ಕಾಫಿಯನ್ನು ಎಲ್ಲಿಗೆ ಎಳೆಯುತ್ತಿದ್ದಿರಿ? ರಾತ್ರಿ ಕಾವಲಿಗೆ ಯಾರು ಮಲಗುತ್ತಿದ್ದರು, ಎಲ್ಲಿ?

ವರ್ಷ ಕೇಳಿದರೆ ಹೆಚ್ಚಿನವರಿಗೆ ನೆನಪಿರುವುದಿಲ್ಲ. ಮದುವೆ, ಹೆರಿಗೆ, ಸಾವಿನ ಜೊತೆ ಸೇರಿಸಿ ಕೇಳಿ. "ಚಿಕ್ಕಮ್ಮನ ಮದುವೆ ಹೊತ್ತಿಗೆ ಹುಲ್ಲು ಮಾಡೋ, ಹೆಂಚಿನ ಮಾಡೋ?" ಅಂದರೆ (ಮಾಡು ಅಂದರೆ ಛಾವಣಿ) ಉತ್ತರ ಥಟ್ಟನೆ ಬರುತ್ತದೆ.

ಹಂತ 3: ಅಲ್ಲಿ ದುಡಿದವರನ್ನು ಕೇಳಿ

ಇದನ್ನು ಬಿಟ್ಟರೆ ನಿಮ್ಮ ದಾಖಲೆ ಅರ್ಧವೇ. ಕೊಟ್ಟಿಗೆಯ ಒಳಗನ್ನು ಯಜಮಾನರಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಸಗಣಿ ಬಾಚಿದವರು. ದಕ್ಷಿಣ ಕೊಡಗಿನ ಗದ್ದೆ, ಕೊಟ್ಟಿಗೆ, ತೋಟಗಳಲ್ಲಿ ಎರವ, ಕುರುಬ ಬುಡಕಟ್ಟಿನವರು ತಲೆಮಾರುಗಳ ಕಾಲ ದುಡಿದಿದ್ದಾರೆ. ಘಟ್ಟದ ಕೆಳಗಿನಿಂದ, ತಮಿಳುನಾಡಿನಿಂದ, ಮೈಸೂರು ಸೀಮೆಯಿಂದ ಬಂದು ಲೈನ್ ಮನೆಗಳಲ್ಲಿ ಬದುಕಿದ ಕುಟುಂಬಗಳೂ ಇವೆ.

ಅವರ ಮನೆಗೆ ನೀವೇ ಹೋಗಿ. ಕರೆಸಿಕೊಳ್ಳಬೇಡಿ. ಕೂಲಿ ಹೋಗುವ ದಿನವಾದರೆ ಆ ಹೊತ್ತಿನ ಕೂಲಿ ಕೊಡಿ. ವಿಡಿಯೊ ಯಾಕೆ, ಯಾರಿಗೆ ತೋರಿಸುತ್ತೀರಿ ಅಂತ ಮೊದಲೇ ಹೇಳಿ, ಬೇಡ ಅಂದರೆ ಬಿಡಿ. ಅವರ ನೆನಪು ನಮ್ಮ ನೆನಪಿನಷ್ಟು ಸಿಹಿಯಾಗಿ ಇರಬೇಕಿಲ್ಲ. ಜೀತ ಪದ್ಧತಿ ರದ್ದು ಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ಅದಕ್ಕೂ ಹಿಂದಿನ ದಿನಗಳನ್ನು ಕಂಡವರು ಇನ್ನೂ ಇದ್ದಾರೆ. ಅವರು ಹೇಳಿದ್ದು ನಿಮ್ಮ ಅಜ್ಜನ ಬಗ್ಗೆ ನಿಮಗೆ ಗೊತ್ತಿರುವುದಕ್ಕೆ ಹೊಂದದೇ ಹೋಗಬಹುದು. ಅದನ್ನು ತಿದ್ದಬೇಡಿ, ಮೃದು ಮಾಡಬೇಡಿ. ಹಾಗೇ ದಾಖಲಿಸಿ.

ನಕ್ಷೆಯಲ್ಲಿ ಲೈನ್ ಮನೆಯನ್ನು ಬರೀ ಒಂದು ಚೌಕ ಮಾಡಿ ಬಿಡಬೇಡಿ. ಎಷ್ಟು ಕೋಣೆ, ಯಾವ ಕೋಣೆಯಲ್ಲಿ ಯಾರ ಸಂಸಾರ, ನೀರು ಎಲ್ಲಿಂದ, ಒಲೆ ಒಳಗೋ ಹೊರಗೋ ಅಂತ ಪತ್ತಾಯಕ್ಕೆ ಕೇಳಿದಷ್ಟೇ ಶ್ರದ್ಧೆಯಿಂದ ಕೇಳಿ.

ಹಂತ 4: ಜಾಗಕ್ಕೆ ಹೋಗಿ

ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಕಾಫಿ ಕೊಯ್ಲು ಹೆಚ್ಚುಕಡಿಮೆ ಮುಗಿದಿರುತ್ತದೆ, ಕಾಡು ಒಣಗಿರುತ್ತದೆ, ಜಿಗಣೆ ಇರುವುದಿಲ್ಲ. ಕತ್ತಿ ಹಿಡಿದು ಒಬ್ಬರು ಜೊತೆಗಿರಲಿ. ಹಾವಿನ ಬಗ್ಗೆ ಎಚ್ಚರ, ಹಳೆಯ ಹೆಂಚಿನ ರಾಶಿ ಅವುಗಳಿಗೆ ಇಷ್ಟದ ಜಾಗ. ಆನೆ ಓಡಾಡುವ ಕಡೆಯಾದರೆ ಸಂಜೆಯೊಳಗೆ ವಾಪಸ್ ಬನ್ನಿ.

ನೆಲದಲ್ಲಿ ಹುಡುಕಬೇಕಾದದ್ದು: ಸಾಲಾಗಿ ಕೂತ ಕಲ್ಲು, ಕಂಬದ ಕೆಳಗಿಡುವ ಚಪ್ಪಟೆ ಕಲ್ಲು, ಮೆಟ್ಟಿಲು, ಗಂಜಲದ ಚರಂಡಿ, ಸುಟ್ಟು ಕೆಂಪಾದ ಮಣ್ಣು, ಹೆಂಚಿನ ಚೂರು. ಮಣ್ಣಿನ ಗೋಡೆ ಕರಗಿದ ಜಾಗ ಸುತ್ತಲಿಗಿಂತ ಸ್ವಲ್ಪ ಉಬ್ಬಿರುತ್ತದೆ. ಗೊಬ್ಬರ ಗುಂಡಿ ಇದ್ದಲ್ಲಿ ಗಿಡ ಸೊಕ್ಕಿ ಬೆಳೆದಿರುತ್ತದೆ. ಹಳೆಯ ಹಲಸು, ಮಾವು, ಕಿತ್ತಳೆ ಗಿಡ, ದಾಸವಾಳದ ಬೇಲಿ ಕೂಡ ಸಾಕ್ಷಿ. "ಬಚ್ಚಲ ನೀರು ಬಾಳೆ ಬುಡಕ್ಕೆ ಹೋಗ್ತಿತ್ತು" ಅಂತ ಯಾರಾದರೂ ಹೇಳಿದ್ದರೆ ಆ ಬಾಳೆಯ ಹಿಂಡು ಇನ್ನೂ ಇದೆಯಾ ನೋಡಿ.

ಹೆಂಚು ಸಿಕ್ಕರೆ ಮಗುಚಿ ನೋಡಿ. ಮಂಗಳೂರು ಹೆಂಚಿನ ಮೇಲೆ ಕಾರ್ಖಾನೆಯ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿರುತ್ತದೆ. ಕೆಲವಕ್ಕೆ ಇಸವಿಯೂ ಇರುತ್ತದೆ. ಇಲ್ಲಿ ಹುಷಾರು. ಬಾಸೆಲ್ ಮಿಷನ್ ಹೆಂಚಿನ ಮೇಲಿನ 1865, ಅಲ್ಬುಕರ್ಕ್ ಹೆಂಚಿನ ಮೇಲಿನ 1868 ಆ ಕಾರ್ಖಾನೆಗಳು ಶುರುವಾದ ವರ್ಷ, ಹೆಂಚು ಸುಟ್ಟ ವರ್ಷ ಅಲ್ಲ. "ನಮ್ಮ ಕೊಟ್ಟಿಗೆ 1865ರದು" ಅಂತ ಬರೆದುಬಿಟ್ಟರೆ ಮೊಮ್ಮಕ್ಕಳು ಅದನ್ನೇ ನಂಬುತ್ತಾರೆ. ಆದರೂ ಒಂದು ಸುಳಿವು ಸಿಗುತ್ತದೆ. ಬಾಸೆಲ್ ಮಿಷನ್ನಿನ ಕಾರ್ಖಾನೆಗಳು ಮೊದಲ ಮಹಾಯುದ್ಧದ ನಂತರ ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಮಿಷನ್ನಿನ ಹೆಸರಿದ್ದರೆ ಹೆಂಚು ಹೆಚ್ಚುಕಡಿಮೆ ಅದಕ್ಕೂ ಹಿಂದಿನದು. ಆದರೆ ಹೆಂಚು ಮಾತ್ರ. ಮನೆಯ ಮಾಡಿನಿಂದ ಇಳಿಸಿದ ಹಳೆಯ ಹೆಂಚನ್ನು ಕೊಟ್ಟಿಗೆಗೆ ಹೊದಿಸುವುದು ನಮ್ಮಲ್ಲಿ ಮಾಮೂಲು, ಅಲ್ವಾ? ಒಂದೊಂದು ಬಗೆಯ ಹೆಂಚು ಒಂದೊಂದು ತಂದು ಒಳಗಿಡಿ. ಪೆನ್ಸಿಲಿನಲ್ಲಿ ಸಿಕ್ಕ ಜಾಗ ಬರೆದಿಡಿ.

2018ರಲ್ಲಿ ಗುಡ್ಡ ಜಾರಿದ ಕಡೆಯವರಿಗೆ ಒಂದು ಮಾತು. ಜಾರಿದ ಮಣ್ಣಿನ ಮೇಲೆ ಹತ್ತಬೇಡಿ, ವರ್ಷಗಳಾದರೂ ಅದು ನಂಬಿಕೆಯ ನೆಲವಲ್ಲ. ಎದುರು ಗುಡ್ಡದಿಂದ ಫೋಟೊ ತೆಗೆದು, ಅದನ್ನು ಪ್ರಿಂಟ್ ಹಾಕಿಸಿ, ಅದರ ಮೇಲೆ ಹಿರಿಯರಿಂದ ಗುರುತು ಮಾಡಿಸಿ. ಅದು ಕೂಡ ಅವರಿಗೆ ಮನಸ್ಸಿದ್ದರೆ ಮಾತ್ರ. ಆ ಕಡೆ ನೋಡಲೂ ಆಗದವರು ಇದ್ದಾರೆ. ಹಾರಂಗಿ ಹಿನ್ನೀರಿನಲ್ಲಿ ಜಮೀನು ಕಳೆದುಕೊಂಡವರಿಗೂ ದಡದಿಂದ ತೆಗೆದ ಫೋಟೊದ ಈ ದಾರಿಯೇ ಸರಿ.

ಹಂತ 5: ಅಳೆಯಿರಿ, ಬರೆಯಿರಿ

ಅಲುಗದ ಎರಡು ಗುರುತು ಆರಿಸಿ. ಬಾವಿಕಟ್ಟೆಯ ಒಂದು ಕಲ್ಲು, ಮನೆಯ ಮೂಲೆ, ಹೀಗೆ. ಅವೆರಡರ ನಡುವಿನ ದೂರ ಅಳೆಯಿರಿ, 60 ಅಡಿ ಅಂದುಕೊಳ್ಳಿ. ಈಗ ಕೊಟ್ಟಿಗೆಯ ಒಂದು ಮೂಲೆಗೆ ಎರಡೂ ಗುರುತಿನಿಂದ ಅಳೆಯಿರಿ. ಬಾವಿಯಿಂದ 40, ಮನೆಯಿಂದ 50 ಬಂತು ಅಂದುಕೊಳ್ಳಿ. ಗ್ರಾಫ್ ಹಾಳೆಯಲ್ಲಿ 1 ಸೆಂಟಿಮೀಟರಿಗೆ 4 ಅಡಿ ಅಂತ ಇಟ್ಟುಕೊಂಡರೆ ಬಾವಿ ಮತ್ತು ಮನೆ ನಡುವೆ 15 ಸೆಂಟಿಮೀಟರ್ ಗೆರೆ. ಬಾವಿಯ ಚುಕ್ಕೆಯಿಂದ 10 ಸೆಂಟಿಮೀಟರಿಗೆ, ಮನೆಯ ಚುಕ್ಕೆಯಿಂದ 12.5 ಸೆಂಟಿಮೀಟರಿಗೆ ಕೈವಾರದಲ್ಲಿ ಕಮಾನು ಎಳೆಯಿರಿ. ಎರಡೂ ಕೂಡುವಲ್ಲಿ ಆ ಮೂಲೆ. ಕಮಾನುಗಳು ಗೆರೆಯ ಎರಡೂ ಬದಿ ಕೂಡುತ್ತವೆ. ಹಾಗಾಗಿ ಗದ್ದೆಯ ಕಡೆಯೋ ಬಾಣೆಯ ಕಡೆಯೋ ಅಂತ ಅಲ್ಲೇ ಬರೆದುಕೊಳ್ಳಿ. ಉಳಿದ ಮೂಲೆಗಳಿಗೂ ಹೀಗೇ ಮಾಡಿ. ಕೊನೆಗೆ ಕರ್ಣ ಅಳೆದು ಹಾಳೆಯ ಮೇಲಿನದಕ್ಕೆ ಹೋಲಿಸಿದರೆ ಎಲ್ಲಾದರೂ ತಪ್ಪಿದ್ದರೆ ಗೊತ್ತಾಗುತ್ತದೆ.

ನಮ್ಮದು ಇಳಿಜಾರು ನೆಲ. ಟೇಪನ್ನು ನೆಲದ ಮೇಲೆ ಹಾಸಿ ಅಳೆದರೆ ದೂರ ಜಾಸ್ತಿ ಬರುತ್ತದೆ. ಟೇಪನ್ನು ಮಟ್ಟವಾಗಿ ಬಿಗಿ ಹಿಡಿದು, ತಗ್ಗಿನ ತುದಿಯಿಂದ ಕಲ್ಲು ಕಟ್ಟಿದ ದಾರ ಇಳಿಬಿಟ್ಟು, ಹತ್ತು ಹದಿನೈದು ಅಡಿಯಂತೆ ತುಂಡು ತುಂಡಾಗಿ ಅಳೆಯಿರಿ.

ಒಂದು ಕಲ್ಲೂ ಉಳಿದಿಲ್ಲ ಅಂದರೆ ನೆನಪಿನಿಂದಲೇ ಅಳತೆ ತೆಗೆಯಬೇಕು. ಹಸು ಕಟ್ಟಲು ಒಂದಕ್ಕೆ ಸುಮಾರು ಮೂರೂವರೆಯಿಂದ ನಾಲ್ಕು ಅಡಿ ಅಗಲ ಬೇಕು. ಒಂದು ಸಾಲಿನಲ್ಲಿ ಎಂಟು ಹಸು ಇದ್ದವು ಅಂದರೆ ಕೊಟ್ಟಿಗೆಯ ಉದ್ದ 30 ಅಡಿಯ ಆಸುಪಾಸು. ಮಲೆನಾಡು ಗಿಡ್ಡ ಎಂಬ ಸಣ್ಣ ತಳಿಯಾದರೆ ಇನ್ನೂ ಸ್ವಲ್ಪ ಕಡಿಮೆ ಸಾಕು. ಒಂದು ಕ್ವಿಂಟಲ್ ಭತ್ತಕ್ಕೆ ಸುಮಾರು ಆರು ಘನ ಅಡಿ ಜಾಗ ಬೇಕು. 8 ಅಡಿ ಉದ್ದ, 5 ಅಡಿ ಅಗಲ, 4 ಅಡಿ ಎತ್ತರದ ಪತ್ತಾಯ ಅಂದರೆ 160 ಘನ ಅಡಿ, ಅಂದರೆ 26 ಕ್ವಿಂಟಲಿನಷ್ಟು. "ನೂರು ಕ್ವಿಂಟಲ್ ಹಿಡೀತಿತ್ತು" ಅಂತ ಮಾವ ಹೇಳಿದರೆ ಒಂದೋ ಪತ್ತಾಯ ತುಂಬಾ ದೊಡ್ಡದಿತ್ತು, ಇಲ್ಲವೇ ಎರಡು ಮೂರು ಇದ್ದವು. ಮತ್ತೆ ಹೋಗಿ ಕೇಳಿ.

ಎತ್ತರಕ್ಕೆ ಜನರ ಮೈಯೇ ಅಳತೆ. "ತೊಲೆ ಕೈಗೆ ಸಿಗ್ತಿತ್ತಾ?" "ಅಟ್ಟಕ್ಕೆ ಏಣಿ ಎಷ್ಟು ಮೆಟ್ಟಿಲು?" ಅಂತ ಕೇಳಿ.

ಹಂತ 6: ಕಾಗದ ಹುಡುಕಿ

ಮನೆಯಲ್ಲೇ ಇರುವ ಒಳ್ಳೆಯ ದಾಖಲೆ ಪಾಲುಪತ್ರ. ಹಿಸ್ಸೆ ಆಗುವಾಗ ಕೊಟ್ಟಿಗೆ ಯಾರಿಗೆ, ಕಣ ಯಾರಿಗೆ, ಬಾವಿಯ ದಾರಿ ಯಾರದು ಅಂತ ಬರೆದಿರುತ್ತಾರೆ. ಎಷ್ಟೋ ಸಲ ಆ ಕಟ್ಟಡದ ಬಗ್ಗೆ ಬರೆದ ಒಂದೇ ಸಾಲು ಅದಾಗಿರುತ್ತದೆ. ಸಾಲಕ್ಕೆ ಅಡವಿಟ್ಟ ಪತ್ರದಲ್ಲೂ ಸಿಗಬಹುದು. ಮನೆಯಲ್ಲಿ ಇಲ್ಲದಿದ್ದರೆ, ನೋಂದಣಿ ಆಗಿದ್ದರೆ, ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲು ಕೇಳಿ. ಯಾವ ವರ್ಷದ್ದು ಅಂತ ಗೊತ್ತಿಲ್ಲದಿದ್ದರೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಋಣಭಾರ ಪತ್ರಕ್ಕೆ ಅರ್ಜಿ ಹಾಕಿದರೆ ಸುಳಿವು ಸಿಗಬಹುದು.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಕೈಬರಹದ ಪಹಣಿ, ಸರ್ವೆ ಟಿಪ್ಪಣಿ ಕೇಳಿ. ಪಹಣಿಯಲ್ಲಿ ಕೊಟ್ಟಿಗೆಯ ವರ್ಣನೆ ಇರುವುದಿಲ್ಲ, ಬೆಳೆ ಇರುತ್ತದೆ. ಭತ್ತ ಅಂತ ಇದ್ದದ್ದು ಯಾವಾಗ ಪಾಳು ಅಥವಾ ಕಾಫಿ ಆಯಿತು ಅಂತ ನೋಡಿದರೆ ಪತ್ತಾಯಕ್ಕೂ ಕೊಟ್ಟಿಗೆಗೂ ಕೆಲಸ ತಪ್ಪಿದ ಕಾಲ ಹೆಚ್ಚುಕಡಿಮೆ ತಿಳಿಯುತ್ತದೆ. ಆ ಕಾಲಂ ಅನ್ನು ಪೂರ್ತಿ ನಂಬಬೇಡಿ, ಹಿರಿಯರ ಮಾತಿನ ಜೊತೆ ತಾಳೆ ನೋಡಿ. ಪೊನ್ನಂಪೇಟೆ, ಕುಶಾಲನಗರ ಇತ್ತೀಚಿನ ತಾಲ್ಲೂಕುಗಳು. ಅಲ್ಲಿಯ ಹಳೆಯ ಕಾಗದಗಳಲ್ಲಿ ವಿರಾಜಪೇಟೆ, ಸೋಮವಾರಪೇಟೆ ಅಂತಲೇ ಇರುತ್ತದೆ. 1956ರ ನವೆಂಬರ್ 1ಕ್ಕಿಂತ ಹಿಂದಿನವುಗಳಲ್ಲಿ ಕೊಡಗು ಬೇರೆಯೇ ರಾಜ್ಯ.

ಇನ್ನು ಪಂಚಾಯಿತಿಯ ಮನೆ ಕಂದಾಯದ ಪುಸ್ತಕ, ಹಳೆಯ ಕರೆಂಟ್ ಬಿಲ್ಲು, ಕೂಲಿ ಲೆಕ್ಕದ ನೋಟ್‌ಬುಕ್. ನೋಟ್‌ಬುಕ್ಕಿನಲ್ಲಿ "ಕೊಟ್ಟಿಗೆ ಹೆಂಚು ಕೈಯಾಡಿಸಿದ್ದು, ಆಳು 2" ಅಂತ ಒಂದು ಸಾಲು ಸಿಕ್ಕರೂ ಅದು ಚಿನ್ನ. ಪೂರ್ತಿ ಪುಟದ ಫೋಟೊ ತೆಗೆಯಿರಿ, ಆ ಸಾಲು ಮಾತ್ರ ಬೇಡ.

ಹಂತ 7: ಫೋಟೊಗಳಲ್ಲಿ ಜನರ ಹಿಂದೆ ನೋಡಿ

ಕೊಟ್ಟಿಗೆಯ ಫೋಟೊ ಇಲ್ಲ ಅಂದೆ. ಕೊಟ್ಟಿಗೆಯದು ಅಂತ ತೆಗೆದದ್ದು ಇಲ್ಲ. ಮದುವೆ ದಿಬ್ಬಣದ ಹಿಂದೆ, ಮಗು ಕೂತ ಚಾಪೆಯ ಆಚೆ, ಹೊಸ ಜೀಪಿನ ಪಕ್ಕ ಒಂದು ಮಾಡಿನ ಅಂಚು, ಅರ್ಧ ಬಾಗಿಲು ಸಿಕ್ಕೇ ಸಿಗುತ್ತದೆ. ಒಕ್ಕದ ವಾಟ್ಸಾಪ್ ಗುಂಪಿನಲ್ಲಿ "ಕೊಟ್ಟಿಗೆ ಫೋಟೊ ಇದೆಯಾ" ಅಂತ ಕೇಳಬೇಡಿ, "ಅಂಗಳದಲ್ಲಿ ತೆಗೆದ ಯಾವುದೇ ಫೋಟೊ ಕಳಿಸಿ" ಅಂತ ಕೇಳಿ. ಮದುವೆಯಾಗಿ ಹೋದ ಅತ್ತೆಯಂದಿರು, ಅಕ್ಕಂದಿರ ಆಲ್ಬಮ್ ಬಿಡಬೇಡಿ. ತವರಿನ ಫೋಟೊಗಳನ್ನು ಜೋಪಾನ ಮಾಡಿದವರು ಹೆಚ್ಚಾಗಿ ಅವರೇ. ವಾಟ್ಸಾಪಿನಲ್ಲಿ ಫೋಟೊ ಆಗಿ ಬಂದರೆ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಸ್ಕ್ಯಾನ್ ಮಾಡುವುದಾದರೆ 600 ಡಿಪಿಐ ಇಡಿ. ಫೋನಿನಲ್ಲಾದರೆ ಹಗಲು ಬೆಳಕಲ್ಲಿ, ನೆರಳಲ್ಲಿ, ಫ್ಲ್ಯಾಶ್ ಇಲ್ಲದೆ. ಹಿಂಬದಿಯನ್ನೂ ತೆಗೆಯಿರಿ, ಸ್ಟುಡಿಯೊದ ಮುದ್ರೆ, ಕೈಬರಹ ಇರುತ್ತದೆ. ಆಲ್ಬಮ್ಮಿಗೆ ಅಂಟಿಕೊಂಡ ಫೋಟೊ ಕೀಳಬೇಡಿ. ನಮ್ಮ ಮಳೆಗಾಲದ ಬೂಷ್ಟಿಗೆ ಫೋಟೊ ಬೇಗ ಹಾಳು. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಬೇಸಿಗೆಯಲ್ಲಿ ತೆಗೆದು ನೋಡಿ.

ಹಂತ 8: ಮೇಲಿನಿಂದ ನೋಡಿ

ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ತೆರೆದು ಹಿಂದಿನ ವರ್ಷಗಳ ಚಿತ್ರ ತೋರಿಸುವ ಗಡಿಯಾರದ ಗುರುತು ಒತ್ತಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಚಿತ್ರ ನೋಡಿ, ಉಳಿದ ತಿಂಗಳು ಮೋಡ. ತೋಟದ ನೆರಳು ಮರಗಳ ಕೆಳಗೆ ಮಾಡು ಕಾಣುವುದೇ ಕಷ್ಟ. ಆದ್ದರಿಂದ ಮೊದಲು ಕಣ ಹುಡುಕಿ. ಬಿಸಿಲು ಬೀಳಲಿ ಅಂತಲೇ ಮಾಡಿದ ಜಾಗ ಅದು, ಬಿಳಿಚಿದ ಚೌಕವಾಗಿ ಕಾಣುತ್ತದೆ. ಕೊಯ್ಲಿನ ಹೊತ್ತಿನ ಚಿತ್ರವಾದರೆ ಅದರ ಮೇಲೆ ಕಾಫಿ ಹರವಿದ ಕಪ್ಪು ಪಟ್ಟಿಯೂ ಕಾಣಬಹುದು. ಕಣ ಸಿಕ್ಕರೆ ಗೋದಾಮು, ಕೊಟ್ಟಿಗೆ ಅದರ ಸುತ್ತಲೇ. 2018ಕ್ಕೆ ಮುಂಚಿನ ಸ್ಪಷ್ಟ ಚಿತ್ರ ಸಿಕ್ಕರೆ ಕೂಡಲೇ ಉಳಿಸಿಕೊಳ್ಳಿ, ತಾರೀಕು ಸಮೇತ. ಸರ್ವೆ ನಂಬರಿನ ಗಡಿ ನೋಡಲು ಸರ್ಕಾರದ ದಿಶಾಂಕ್ ಆಪ್ ಇದೆ. ಅದು ತೋರಿಸುವ ಗಡಿ ಅಂದಾಜಿನದು, ಜಗಳಕ್ಕೆ ಆಧಾರ ಮಾಡಿಕೊಳ್ಳಬೇಡಿ.

ಹಂತ 9: ಒಟ್ಟಿಗೆ ಜೋಡಿಸಿ

ಒಂದು ದೊಡ್ಡ ನಕ್ಷೆ, ಒಂದೊಂದು ಕಟ್ಟಡಕ್ಕೆ ಒಂದೆರಡು ಪುಟ. ಪುಟದಲ್ಲಿ ನಕ್ಷೆ, ಫೋಟೊದ ತುಣುಕು, ಯಾರು ಏನು ಹೇಳಿದರು, ಯಾವಾಗ ಕಟ್ಟಿದ್ದು, ಯಾವಾಗ ಹೋಯಿತು, ಯಾಕೆ ಹೋಯಿತು. ನಕ್ಷೆಯಲ್ಲಿ ಅಳೆದದ್ದನ್ನು ಗಟ್ಟಿ ಗೆರೆಯಲ್ಲಿ, ಕೇಳಿ ಬರೆದದ್ದನ್ನು ಚುಕ್ಕೆ ಗೆರೆಯಲ್ಲಿ ಬರೆಯಿರಿ. ಇದನ್ನು ಖಂಡಿತ ಮಾಡಿ. ಇಲ್ಲದಿದ್ದರೆ ಮುಂದೆ ಯಾವುದು ಅಳತೆ, ಯಾವುದು ಅಂದಾಜು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಮಾತು ಹೊಂದದೇ ಇರುವುದು ಸಹಜ. ದೊಡ್ಡಪ್ಪ ಎರಡು ಬಾಗಿಲು ಅಂತಾರೆ, ಚಿಕ್ಕಮ್ಮ ಒಂದೇ ಅಂತಾರೆ. ಎರಡನ್ನೂ ಹೆಸರು ಹಾಕಿ ಬರೆಯಿರಿ. ಆಮೇಲೆ ಇಬ್ಬರನ್ನೂ ನಕ್ಷೆಯ ಮುಂದೆ ಕೂರಿಸಿ. ಪುತ್ತರಿಯೋ ಕಾರಣರಿಗೆ (ಒಕ್ಕದ ಪೂರ್ವಜರಿಗೆ) ಎಡೆ ಕೊಡುವ ದಿನವೋ, ಎಲ್ಲರೂ ಸೇರುವ ದಿನ ನಕ್ಷೆಯನ್ನು ಮೇಜಿನ ಮೇಲೆ ಹರಡಿ ಪಕ್ಕದಲ್ಲಿ ಪೆನ್ಸಿಲ್ ಇಡಿ. ಬಿಡಿಬಿಡಿಯಾಗಿ ಕೇಳಿದಾಗ ಬಾರದ ನೆನಪು ಅಲ್ಲಿ ಬರುತ್ತದೆ. ಒಬ್ಬರು ತಿದ್ದುತ್ತಾರೆ, ಇನ್ನೊಬ್ಬರು ಜಗಳಕ್ಕೆ ನಿಲ್ಲುತ್ತಾರೆ, ಮೂರನೆಯವರು ಇಬ್ಬರೂ ಸರಿ ಅಂತಾರೆ: ಮೊದಲು ಒಂದು ಬಾಗಿಲಿತ್ತು, ಎತ್ತು ಬಂದ ಮೇಲೆ ಇನ್ನೊಂದು ಒಡೆದರು! ಪಾಲಿನ ಹಳೆಯ ನೋವು ಎದ್ದರೆ ಮಾತು ಬೇರೆ ಕಡೆ ತಿರುಗಿಸಿ. ಯಾರ ಪಾಲು ನ್ಯಾಯ ಅಂತ ತೀರ್ಮಾನಿಸುವುದು ಈ ನಕ್ಷೆಯ ಕೆಲಸವಲ್ಲ.

ಮರ, ಕಲ್ಲು, ಹೆಂಚು ಎಲ್ಲಿಗೆ ಹೋಯಿತು ಅಂತಲೂ ಒಂದು ಪುಟ ಇರಲಿ. ಕಟ್ಟಡ ಹೋದರೂ ಸಾಮಾನು ಪೂರ್ತಿ ಹೋಗಿರುವುದಿಲ್ಲ. ಪತ್ತಾಯದ ಹಲಸಿನ ಹಲಗೆ ಒಬ್ಬರ ಮನೆಯಲ್ಲಿ ಕಪಾಟಾಗಿದೆ. ಕೊಟ್ಟಿಗೆಯ ಕಂಬ ಇನ್ನೊಬ್ಬರ ಗೇಟಿಗೆ ನಿಂತಿದೆ. ಒರಳು ಅಂಗಳದಲ್ಲಿ ಹೂವಿನ ಕುಂಡವಾಗಿದೆ. ಒಂದೊಂದರದೂ ಫೋಟೊ ತೆಗೆದು ಮೊದಲು ಎಲ್ಲಿತ್ತು ಅಂತ ನಕ್ಷೆಯಲ್ಲಿ ಗುರುತಿಸಿ. ಹಲಗೆಯ ಮೇಲೆ ಭತ್ತದ ಲೆಕ್ಕಕ್ಕೆ ಗೀರಿದ ಗೆರೆ ಇದೆಯಾ ನೋಡಿ. ಇದ್ದರೆ ಬಣ್ಣ ಬಳಿಯಬೇಡಿ ಅಂತ ಆ ಮನೆಯವರಿಗೆ ಹೇಳಿ.

ಮಕ್ಕಳಿದ್ದರೆ ರಟ್ಟಿನಲ್ಲಿ ಮಾದರಿ ಮಾಡಿಸಿ. ಅಡಿಗೆ ಅರ್ಧ ಸೆಂಟಿಮೀಟರ್ ಲೆಕ್ಕ ಸುಲಭ, 30 ಅಡಿಯ ಕೊಟ್ಟಿಗೆ 15 ಸೆಂಟಿಮೀಟರ್ ಆಗುತ್ತದೆ. ಮಾಡು ತೆಗೆದು ಒಳಗೆ ನೋಡುವಂತೆ ಇರಲಿ. ಕಣ್ಣು ಮಂಜಾದ ಹಿರಿಯರಿಗೆ ನಕ್ಷೆ ಕಾಣದಿದ್ದರೂ ಮಾದರಿಯನ್ನು ಮುಟ್ಟಿ "ಇಲ್ಲಲ್ಲ, ಬಾಗಿಲು ಇತ್ತ" ಅಂತ ತೋರಿಸುತ್ತಾರೆ.

ಹಂತ 10: ಎಲ್ಲಿ ಇಡುವುದು?

ಫೈಲಿಗೆ ಹೆಸರು ಕೊಡುವಾಗ ತಾರೀಕು, ಮಾತಾಡಿದವರು, ವಿಷಯ ಮೂರೂ ಇರಲಿ. ಮೂರು ಪ್ರತಿ ಮಾಡಿ: ಒಂದು ಮನೆಯ ಹಾರ್ಡ್ ಡಿಸ್ಕಿನಲ್ಲಿ, ಒಂದು ಕ್ಲೌಡ್‌ನಲ್ಲಿ, ಒಂದು ಬೇರೆ ಊರಿನಲ್ಲಿರುವ ನೆಂಟರ ಹತ್ತಿರ. ಕೊಡಗಿನೊಳಗೇ ಎಲ್ಲ ಪ್ರತಿ ಇಡಬೇಡಿ. ಯಾಕೆ ಅಂತ 2018 ಕಂಡವರಿಗೆ ಹೇಳಬೇಕಾಗಿಲ್ಲ.

ಕಂಪ್ಯೂಟರಿನ ಜೊತೆಗೆ ಕಾಗದದಲ್ಲೂ ಇರಲೇಬೇಕು. ಒಳ್ಳೆಯ ಹಾಳೆಯಲ್ಲಿ ಮುದ್ರಿಸಿ, ಹೊಲಿದು ಬೈಂಡ್ ಮಾಡಿಸಿ. ಕೊನೆಯಲ್ಲಿ ಇಪ್ಪತ್ತು ಖಾಲಿ ಹಾಳೆ ಬಿಡಿ, ಆಮೇಲೆ ನೆನಪಾದದ್ದನ್ನು ಬರೆಯಲು. ಒಂದು ಪ್ರತಿ ಐನ್‌ಮನೆಗೆ, ಪಾಲು ಹಂಚಿಕೊಂಡ ಒಂದೊಂದು ಮನೆಗೆ ಒಂದೊಂದು. ಲೈನ್ ಮನೆಯ ನೆನಪು ಹೇಳಿದ ಕುಟುಂಬಗಳಿಗೂ ಪುಸ್ತಕ ಕೊಡಿ, ಅವರ ವಿಡಿಯೊದ ಪ್ರತಿಯನ್ನೂ ಕೊಡಿ. ಇಂಟರ್‌ನೆಟ್ಟಿಗೆ ಹಾಕುವುದಿದ್ದರೆ ಪಾಲುಪತ್ರ, ಸರ್ವೆ ನಂಬರು, ಮನೆಯಲ್ಲಿ ಬೆಲೆಬಾಳುವ ವಸ್ತು ಇಟ್ಟ ಜಾಗ ಇರುವ ಪುಟಗಳನ್ನು ತೆಗೆದಿಡಿ. ಮಾತಾಡಿದ ಒಬ್ಬೊಬ್ಬರ ಒಪ್ಪಿಗೆಯನ್ನೂ ಇನ್ನೊಮ್ಮೆ ಕೇಳಿಕೊಳ್ಳಿ.

ಇನ್ನೂ ನಿಂತಿರುವ ಕೊಟ್ಟಿಗೆಯೋ ಸೌದೆ ಮನೆಯೋ ನಿಮ್ಮಲ್ಲಿ ಇದ್ದರೆ ಈ ಬೇಸಿಗೆಯಲ್ಲೇ ನಾಲ್ಕೂ ಕಡೆಯಿಂದ ಮತ್ತು ಒಳಗಿನಿಂದ ಫೋಟೊ ತೆಗೆದು ಅಳತೆ ಬರೆದಿಡಿ. ಮಾಡು ಇಳಿಸುವ ದಿನ ನಿಶ್ಚಯವಾಗಿದ್ದರೆ ಅದರ ಹಿಂದಿನ ದಿನ ಅಲ್ಲಿ ದುಡಿದ ಒಬ್ಬರನ್ನು ಒಳಗೆ ಕರೆದುಕೊಂಡು ಹೋಗಿ. ಬಾಗಿಲಿನಿಂದ ಶುರುಮಾಡಿ ಒಂದು ಸುತ್ತು ನಡೆಯುತ್ತಾ ಎಲ್ಲಿ ಏನಿತ್ತು ಅಂತ ಅವರು ಹೇಳಲಿ, ನೀವು ಹಿಂದಿನಿಂದ ವಿಡಿಯೊ ಮಾಡಿ.